ನೆಲ ಮುಗಿಯುವಲ್ಲಿಗೆ ಎರಡು ಸೈಕಲ್ಲು

ಮೊನ್ನೆ ಸಾಸಿವೆ ಡಬ್ಬಿ ಹುಡುಕುತ್ತ ಅಡುಗೆಮನೆಯ ಮೇಲಿನ ಫಳಿಗೆ ಕೈ ಹಾಕಿದೆ. ಕೈಗೆ ಬಂದದ್ದು ತಗಡಿನ ಪುಟ್ಟ ಡಬ್ಬಿ. ಅಲ್ಲಾಡಿಸಿದರೆ ಸದ್ದಾಯಿತು, ಆದರೆ ಸಾಸಿವೆಯ ಸದ್ದಲ್ಲ. ಮುಚ್ಚಳ ತೆಗೆದೆ. ಒಳಗೆ ಒಣಗಿ ಕಲ್ಲಾದ ಸೊಲ್ಯೂಷನ್ ಟ್ಯೂಬು, ರಬ್ಬರಿನ ನಾಲ್ಕು ತುಂಡು, ಒಂದು ಚೂರು ಮರಳು ಕಾಗದ. ಪಂಕ್ಚರ್ ತೆಗೆಯುವ ಸರಂಜಾಮು ಅಡುಗೆಮನೆಗೆ ಯಾಕೆ ಬಂತು ಎಂದು ಕೇಳಬೇಡಿ. ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ ಚೈನಿಗೆ ಹಾಕುವ ಎಣ್ಣೆಯೂ ಒಗ್ಗರಣೆಯ ಎಣ್ಣೆಯೂ ಒಂದೇ ಕಟ್ಟೆಯ ಮೇಲೆ ಅಕ್ಕಪಕ್ಕ ಕೂತಿರುತ್ತಿದ್ದವು. ಒಮ್ಮೆ ಅದಲುಬದಲಾದದ್ದೂ ಉಂಟು. ಆ ವಾರವೆಲ್ಲ ಸೈಕಲ್ಲಿನಿಂದ ಶೇಂಗಾ ಎಣ್ಣೆಯ ವಾಸನೆ ಘಮಘಮಿಸುತ್ತಿತ್ತು. ಚೈನಿನ ಎಣ್ಣೆ ಒಗ್ಗರಣೆಗೆ ಬೀಳಲಿಲ್ಲ, ನಮ್ಮ ಪುಣ್ಯ.

ಮೊದಲು ನಮ್ಮಿಬ್ಬರ ಪರಿಚಯ. ನಾನು ಬಾಗಲಕೋಟೆಯವಳು, ಮದುವೆಯಾಗಿ ಪುಣೆಗೆ ಬಂದವಳು, ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಗಂಡನ ಹೆಸರು ವಸಂತ. ಬರೆಯುವಾಗ ಹೀಗೆ ಧೈರ್ಯವಾಗಿ ಹೆಸರು ಬರೆಯುತ್ತೇನೆ. ಮಾತಾಡುವಾಗ ಇವತ್ತಿಗೂ "ಕೇಳಿಸ್ತೇನ್ರಿ" ಎಂದೇ ಕರೆಯುತ್ತೇನೆ. ಅವರು ಪಿಂಪರಿ ಕಡೆಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ದೊಡ್ಡ ಓರೆ ಹಲಗೆಯ ಮುಂದೆ ನಿಂತು, ಯಂತ್ರದ ಒಂದೊಂದು ಹಲ್ಲನ್ನೂ ಕೂದಲೆಳೆ ತಪ್ಪದಂತೆ ಪೆನ್ಸಿಲ್ಲಿನಲ್ಲಿ ಎಳೆಯುವ ಕೆಲಸ. ತೊಂಬತ್ತರ ದಶಕದ ಕೊನೆಗೆ ನಮ್ಮಿಬ್ಬರ ಕಚೇರಿಗೂ ಕಂಪ್ಯೂಟರ್ ಬಂತು. ನನಗೆ ಅದರಿಂದ ಆದದ್ದು ಇಷ್ಟೇ, ಬೆರಳು ಒಂದು ಕೀಲಿಮಣೆಯಿಂದ ಎದ್ದು ಇನ್ನೊಂದರ ಮೇಲೆ ಕೂತವು. ಅವರ ಹಲಗೆಯನ್ನು ಮಾತ್ರ ನಾಲ್ಕು ಜನ ಹೊತ್ತು ಹೊರಗೆ ಹಾಕಿದರು. ಅವರನ್ನು ಸ್ಟೋರ್ಸಿಗೆ ಹಾಕಿದರು, ಬೋಲ್ಟು ನಟ್ಟು ಎಣಿಸಿ ಕೊಡುವುದಕ್ಕೆ. ಮನೆಗೆ ಬಂದು ಅವರು ಆ ವಿಷಯ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಆಮೇಲೆ ಸುಮಾರು ದಿನ ಯಾವ ವಿಷಯವನ್ನೂ ಹೆಚ್ಚು ಹೇಳಲಿಲ್ಲ.

ಆ ಮೌನದ ದಿನಗಳಲ್ಲೇ ಒಂದು ಸಂಜೆ ಪುಣೆ ಕ್ಯಾಂಪಿನಲ್ಲಿ ಪರದೆ ಬಟ್ಟೆ ನೋಡಲು ಹೋಗಿದ್ದೆವು. ಅಂಗಡಿಯ ಗಾಜಿನ ಹಿಂದೆ ದಪ್ಪ ಹಲ್ಲಿನ ಟೈರಿನ, ಗೇರು ಇರುವ ಸೈಕಲ್ಲು. ವಸಂತ ಅದರ ಮುಂದೆ ನಿಂತವರು ಅರ್ಧ ಗಂಟೆ ಅಲುಗಲಿಲ್ಲ.

"ಗೇರಿನ ಹಲ್ಲು ನೋಡ. ಎಷ್ಟ ಚಂದ ಕಡದಾರ," ಅಂದರು.

ಅಷ್ಟು ದಿನಗಳ ಮೇಲೆ ಅವರಾಗಿಯೇ ಆಡಿದ ಮಾತದು. ನಾನು ಪರದೆ ಬಿಟ್ಟೆ. ಸೈಕಲ್ಲು ಬಂತು. ಬಂದ ಮೇಲೆ ಇನ್ನೊಂದೂ ಬಂತು, ಯಾಕೆಂದರೆ "ನೀನೂ ಬರಬೇಕು" ಎಂದರು.

ನನಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ನಮ್ಮೂರಿನಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಸಿಗುತ್ತಿತ್ತು. ಅಣ್ಣ ತರುತ್ತಿದ್ದ, ಓಣಿಯ ತುದಿಯಿಂದ ತುದಿಗೆ ಹಾರಿಸುತ್ತಿದ್ದ. ನನ್ನ ಪಾಲಿಗೆ ಬಂದದ್ದು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲಿನ ಪೆಡಲನ್ನು ಕೈಯಿಂದ ತಿರುವುವುದು. ಹಿಂದಿನ ಚಕ್ರ ಜರ್ರನೆ ತಿರುಗುವಾಗ ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಎಲ್ಲಿಗೂ ಹೋಗದೆಯೇ ಹೋದಷ್ಟು ಸುಖ. ಮೂವತ್ತೇಳನೆಯ ವಯಸ್ಸಿಗೆ, ಪುಣೆಯ ಒಂದು ಶಾಲೆಯ ಮೈದಾನದಲ್ಲಿ, ಸಲ್ವಾರಿನ ಕಾಲಿಗೆ ರಬ್ಬರ್ ಬ್ಯಾಂಡ್ ಬಿಗಿದು ನಾನು ಕಲಿತೆ. ಬೆಳಗಿನ ವಾಯುವಿಹಾರಕ್ಕೆ ಬರುವ ಅಜ್ಜಂದಿರೆಲ್ಲ ನನ್ನ ಗುರುಗಳು. "ಸಮೋರ್ ಬಘಾ, ಸಮೋರ್!" ಎಂದು ಒಬ್ಬರು ಮುಂದೆ ನೋಡಲು ಕೂಗಿದರೆ ಇನ್ನೊಬ್ಬರು ಬ್ರೇಕು ಹಿಡಿಯಲು ಕೂಗುತ್ತಿದ್ದರು. ಇಬ್ಬರ ಮಾತೂ ಕೇಳಿ ನಾನು ಕೈಯೆತ್ತಿ ವ್ಯಾಯಾಮ ಮಾಡುತ್ತಿದ್ದ ಅಜ್ಜನೊಬ್ಬರ ಮೇಲೆಯೇ ಹೋಗಿ ಬಿದ್ದೆ.

ಮೊದಮೊದಲು ಸ್ವಾರಗೇಟಿನಿಂದ ಬಸ್ಸಿನ ನೆತ್ತಿಯ ಮೇಲೆ ಸೈಕಲ್ ಹಾಕಿಕೊಂಡು ಹೋಗುತ್ತಿದ್ದೆವು. ಕಂಡಕ್ಟರ್ ಒಬ್ಬ ಸೈಕಲ್ಲುಗಳನ್ನೂ ನಮ್ಮನ್ನೂ ನೋಡಿ, "ಬಾಯಿ, ಸಾಯಕಲ್ ಆಹೇ ನಾ? ಮಗ ಚಾಲವತ ಜಾ ಕೀ!" ಅಂದ. ಸೈಕಲ್ ಇದೆಯಲ್ಲ, ಹೊಡೆದುಕೊಂಡೇ ಹೋಗಿ ಎಂದು. ಆಮೇಲೆ ಹಳೆಯ ವ್ಯಾನೊಂದನ್ನು ಕೊಂಡು ಅದರ ತಲೆಯ ಮೇಲೆ ಎರಡನ್ನೂ ಹೇರಿಕೊಂಡು ಹೊರಟಾಗ ಕೆಳಗಿನ ಮನೆಯ ಮರಾಠಿ ಕಾಕುವೂ ಅದನ್ನೇ ಕೇಳಿದರು. ನಮಗೆ ಮಕ್ಕಳಿಲ್ಲ, ಆ ಖಾಲಿತನ ತುಂಬಿಸಲು ಇದೆಲ್ಲ ಎಂದು ನೆಂಟರು ತಮ್ಮಷ್ಟಕ್ಕೆ ತೀರ್ಮಾನಿಸಿದ್ದರು. ಹಾಗೇನೂ ಅಲ್ಲ. ಯಾರೂ ನಮ್ಮನ್ನು ಗುರುತಿಸದ ದಾರಿಯಲ್ಲಿ, ಮುಂದಿನ ತಿರುವಿನಾಚೆ ಏನಿದೆಯೆಂದು ಗೊತ್ತಿಲ್ಲದೆ ಹೋಗುವುದು ನಮಗೆ ಹಿಡಿಸಿತ್ತು, ಅಷ್ಟೆ.

ಬಾರಾಮತಿ ಕಡೆಗೆ ಹೋದದ್ದು ನೆನಪಾದರೆ ಈಗಲೂ ನಗು. ಕಬ್ಬಿನ ಗದ್ದೆಗಳ ನಡುವಿನ ಕಾಲುವೆಯ ಏರಿ ಹಿಡಿದು ಹೊರಟೆವು. ಎರಡೂ ಕಡೆ ಆಳೆತ್ತರದ ಕಬ್ಬು, ಮೇಲೆ ಆಕಾಶದ ಒಂದು ಪಟ್ಟಿ. ಏರಿಯ ಮೇಲೆ ಜಾಲಿ ಮುಳ್ಳು ಹಾಸಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಚಕ್ರಗಳಲ್ಲಿ ಒಂದರಲ್ಲೂ ಗಾಳಿ ಉಳಿದಿರಲಿಲ್ಲ, ಡಬ್ಬಿಯಲ್ಲಿ ರಬ್ಬರೂ ಮುಗಿದಿತ್ತು. ದಾರಿ ಕೊನೆಗೆ ಒಂದು ಪಂಪಿನ ಮನೆಯಲ್ಲಿ ಮುಗಿಯಿತು. ಅಲ್ಲಿದ್ದ ರೈತ ನಮ್ಮನ್ನು ಕಾಲುವೆ ಇಲಾಖೆಯವರೆಂದು ತಿಳಿದು ನೀರು ಸಾಲುತ್ತಿಲ್ಲವೆಂದು ದೂರು ಹೇಳಿದ. ವಸಂತ ಗಂಭೀರವಾಗಿ ಕೇಳಿಸಿಕೊಂಡು ಕಾಲುವೆಯ ಒಂದು ನಕಾಶೆಯನ್ನೂ ಬರೆದುಕೊಂಡರು.

ಹೌದು, ನಕಾಶೆ. ಹಲಗೆ ಹೋದ ಕೈಗೆ ಮತ್ತೆ ಪೆನ್ಸಿಲ್ ಬಂದದ್ದು ಹಾಗೆ. ಗ್ರಂಥಾಲಯದಲ್ಲಿ ಹಳೆಯ ಸರ್ಕಾರಿ ನಕಾಶೆಗಳನ್ನು ನೋಡಿ, ಶನಿವಾರ ಸಂಜೆ ಊಟದ ಮೇಜಿನ ಮೇಲೆ ತಮ್ಮದೇ ಪ್ರತಿ ಬರೆಯುತ್ತಿದ್ದರು. ಹಳ್ಳ, ಗುಡಿ, ಒಂಟಿ ಮರ, ಕಾಲುದಾರಿಯ ಚುಕ್ಕಿ ಗೆರೆ. ಅಷ್ಟು ಚೆಂದ ಬರೆಯುತ್ತಿದ್ದರೆಂದರೆ ಅದನ್ನು ನೋಡುತ್ತ ನಾನು ಸಾರು ಬಡಿಸುವುದನ್ನೂ ಮರೆಯುತ್ತಿದ್ದೆ. ಆದರೆ ಅವರಲ್ಲೊಂದು ದೋಷ. ಕೈಯಲ್ಲಿ ನಕಾಶೆ ಇರುವಾಗ ಯಾರನ್ನೂ ದಾರಿ ಕೇಳುತ್ತಿರಲಿಲ್ಲ. ಕೇಳಿದರೂ ಉತ್ತರವನ್ನು ನಂಬುತ್ತಿರಲಿಲ್ಲ.

ಇನ್ನು ನಾನು ಹೇಳಬೇಕೆಂದಿದ್ದ ಸಂಗತಿ. ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿರಬೇಕು. ಮಳೆಗಾಲ ಹಿಂದೆಗೆಯುವ ದಿನಗಳು. ಪುಣೆಯಿಂದ ಪಶ್ಚಿಮಕ್ಕೆ, ಮುಳಶಿಯನ್ನೂ ದಾಟಿ, ಘಟ್ಟದ ನೆತ್ತಿಯಲ್ಲಿರುವ ಒಂದು ಬಯಲಿಗೆ ಹೋದೆವು. ಊರಿನ ಹೆಸರು ಹೇಳುವುದಿಲ್ಲ, ಈಗಾಗಲೇ ಅಲ್ಲಿ ಸಾಕಷ್ಟು ಜನ ಹೋಗುತ್ತಿದ್ದಾರೆ. ಕೊನೆಯ ಹಳ್ಳಿಯ ಮಾರುತಿ ಗುಡಿಯ ಪಕ್ಕ ವ್ಯಾನ್ ಬಿಟ್ಟು ಸೈಕಲ್ ಹತ್ತಿದೆವು. ಬಯಲೆಂಬ ಬಯಲೆಲ್ಲ ಹಳದಿ ಹೂವು. ಹುಲ್ಲು ಕಾಣದಷ್ಟು ಹೂವು. ಎರಡು ಗೇಣು ಅಗಲದ ಕೆಂಪು ದಾರಿ ಆ ಹಳದಿಯನ್ನು ಸೀಳಿಕೊಂಡು ಮಂಜಿನೊಳಗೆ ಹೋಗುತ್ತಿತ್ತು.

ಹಳ್ಳಿಯ ಹೊರಗೆ ಹೊಸ ರಸ್ತೆಯ ಕೆಲಸ ನಡೆದಿತ್ತು. ಐದಾರು ಹೆಂಗಸರು ಬುಟ್ಟಿಯಲ್ಲಿ ರಸ್ತೆಗೆ ಹಾಸುವ ಖಡಿಕಲ್ಲು ಹೊರುತ್ತಿದ್ದರು. ನನ್ನ ಒತ್ತಾಯಕ್ಕೆ ವಸಂತ ಅವರಲ್ಲಿ ಹಿರಿಯಳಾದ ಒಬ್ಬಳನ್ನು ಮರಾಠಿಯಲ್ಲಿ ಕೇಳಿದರು, ಈ ದಾರಿ ಎಲ್ಲಿಗೆ ಹೋಗುತ್ತದೆಯೆಂದು. ಅವಳು ಅವರ ತಲೆಯ ಮೇಲಿದ್ದ ಕಾರ್ಖಾನೆಯ ಹಳದಿ ಹೆಲ್ಮೆಟ್ಟನ್ನೇ ನೋಡುತ್ತ ಪಕ್ಕದವಳಿಗೆ ಅಚ್ಚ ಕನ್ನಡದಲ್ಲಿ ಹೇಳಿದಳು:

"ನೋಡಬೇ, ಈ ಮುದುಕ ತಲಿಮ್ಯಾಗ ಬುಟ್ಟಿ ಡಬ್ಬ ಹಾಕ್ಕೊಂಡು ಸೈಕಲ್ ಹೊಡಿಯಾಕ ಹತ್ಯಾನ."

ನಾನು ನಕ್ಕ ರಭಸಕ್ಕೆ ಸೈಕಲ್ಲಿನಿಂದ ಇಳಿಯಬೇಕಾಯಿತು. "ಮುದುಕ ಅಲ್ಲವಾ, ಇನ್ನೂ ನಲವತ್ತೆರಡು," ಅಂದೆ.

ಅವಳು ಬುಟ್ಟಿ ಕೆಳಗಿಟ್ಟು ಬಾಯಿಗೆ ಸೆರಗು ಹಿಡಿದಳು. "ಅಯ್ಯ ಯವ್ವಾ! ನೀವು ನಮ್ಮ ಕಡೀಯವ್ರ? ತಪ್ಪಾತ್ರಿ ಅಣ್ಣಾ!"

ಅವಳ ಹೆಸರು ದ್ಯಾವಮ್ಮ. ಯಾದಗಿರಿ ಕಡೆಯವಳು. ಈ ರಸ್ತೆಯ ಜೊತೆಗೇ ಘಟ್ಟ ಹತ್ತಿ ಬಂದು ನಾಲ್ಕು ತಿಂಗಳಾಗಿತ್ತು. ಈಗ ಕನ್ನಡದಲ್ಲೇ ಉತ್ತರ ಕೊಟ್ಟಳು. "ಆ ಕಡಿ ಹೋಗಬ್ಯಾಡ್ರಿ. ಮುಂದ ನೆಲಾನ ಇಲ್ಲಂತ. ನಾ ನೋಡಿಲ್ಲ, ಹಳ್ಯಾಗಿನ ಮಂದಿ ಹೇಳ್ತಾರ."

"ನೆಲ ಇಲ್ಲಂದ್ರ ಹೆಂಗ?" ವಸಂತ ನಕಾಶೆ ಬಿಡಿಸಿ ತೋರಿಸಿದರು. "ಇಲ್ಲೆ ನೋಡ್ರಿ, ದಾರಿ ಅದ. ನೆಟ್ಟಗ ಕೊಂಕಣಕ್ಕ ಹೋಗ್ತದ."

ದ್ಯಾವಮ್ಮ ಕಾಗದವನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು.

ನಾವು ಹೋದೆವು. ವಸಂತ ಮುಂದೆ, ನಾನು ಹಿಂದೆ. ದಾರಿಯ ಪಕ್ಕದಲ್ಲೊಂದು ಸಣ್ಣ ತೊರೆ ನಮ್ಮ ಜೊತೆಗೇ ಓಡುತ್ತಿತ್ತು. ಮಂಜು ದಟ್ಟವಾಗುತ್ತ ಬಂದು, ಮೊದಲು ಅವರ ಚಕ್ರ ಕಾಣದಾಯಿತು, ಆಮೇಲೆ ಬೆನ್ನು, ಕೊನೆಗೆ ಹಳದಿ ಹೆಲ್ಮೆಟ್ಟು. ಟೈರು ಹುಲ್ಲನ್ನು ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಮುಖಕ್ಕೆ ನೀರು ಬಡಿಯಿತು. ಮಳೆಯೆಂದುಕೊಂಡೆ. ಆದರೆ ಹನಿಗಳು ಗದ್ದಕ್ಕೆ, ಮೂಗಿನ ಹೊಳ್ಳೆಗೆ ತಾಗುತ್ತಿದ್ದವು. ಕೆಳಗಿನಿಂದ ಮೇಲಕ್ಕೆ ಬರುತ್ತಿದ್ದವು! ಸೈಕಲ್ ನಿಲ್ಲಿಸಿ ನೋಡಿದೆ. ಹತ್ತು ಮಾರು ಮುಂದೆ ಆ ತೊರೆ ಗಾಳಿಯ ಹೊಡೆತಕ್ಕೆ ಬಿಳಿಯ ಹೊಗೆಯಂತೆ ಎದ್ದು, ಆಕಾಶದ ಕಡೆಗೆ ಹಾರಿ, ನನ್ನ ತಲೆಯ ಮೇಲಿಂದ ಹಿಂದಕ್ಕೆ ಬೀಳುತ್ತಿತ್ತು. ನೀರು ಮೇಲಕ್ಕೆ ಸುರಿಯುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಾಯಿ ತೆರೆದು ನಿಂತೇ ಇದ್ದೆ. ಟೈರಿನ ಸದ್ದು ನಿಂತಿದೆ ಎಂಬುದು ಆಮೇಲೆ ಹೊಳೆಯಿತು.

"ಕೇಳಿಸ್ತೇನ್ರಿ?"

ಗಾಳಿ ನನ್ನ ಮಾತನ್ನೂ ಹಿಂದಕ್ಕೆ ತಂದು ಹಾಕಿತು.

"ಕೇಳಿಸ್ತೇನ್ರಿ?" ಮತ್ತೆ ಕೂಗಿದೆ. ಆಮೇಲೆ ಮದುವೆಯಾದ ಹದಿನಾರು ವರ್ಷಗಳಲ್ಲಿ ಮೊದಲ ಸಲ, "ವಸಂತಾ!" ಎಂದು ಕಿರುಚಿದೆ.

"ಅಲ್ಲೇ ನಿಂದ್ರು," ಎಂಬ ದನಿ ನೆಲದ ಮಟ್ಟದಿಂದ ಬಂತು. "ಮುಂದ ಬರಬ್ಯಾಡ."

ನಾನು ನಿಲ್ಲಲಿಲ್ಲ, ಮೊಣಕಾಲೂರಿ ಹೋದೆ. ಅವರು ಹುಲ್ಲಿನ ಮೇಲೆ ಬೋರಲು ಮಲಗಿದ್ದರು. ಎರಡೂ ಕೈಯಲ್ಲಿ ಹೂವಿನ ಗಿಡಗಳ ಹಿಡಿ. ಅವರ ತಲೆಯಿಂದ ಎರಡು ಮೊಳದಾಚೆ ಹುಲ್ಲು ಮುಗಿದಿತ್ತು. ಬ್ರೇಕ್ ಹಿಡಿದಾಗ ಚಕ್ರ ಜಾರಿ ಅವರು ಒಂದು ಕಡೆ ಬಿದ್ದಿದ್ದರು, ಸೈಕಲ್ಲು ತಾನೊಂದೇ ಮುಂದೆ ಹೋಗಿತ್ತು. ಅವರ ಅಂಗಿಯ ಹಿಂಭಾಗ ಹಿಡಿದು ನಾನು ಎಳೆದೆ. ಅಷ್ಟರಲ್ಲಿ ಮಂಜು ಒಂದು ಕ್ಷಣ ಹರಿಯಿತು. ನಮ್ಮ ಮುಖದ ಕೆಳಗೆ ಕಪ್ಪು ಬಂಡೆಯ ಗೋಡೆ. ಅದರ ಬುಡವೆಲ್ಲೋ ಕಾಣದು. ಅದರಾಚೆ ಇಡೀ ಒಂದು ಸೀಮೆ, ಕಾಡು, ನೂಲಿನಂಥ ನದಿ, ಬಿಸಿಲಿನಲ್ಲಿದ್ದ ಊರುಗಳು. ನಮ್ಮ ಕಾಲ ಕೆಳಗೆ ಹದ್ದೊಂದು ಹಾರುತ್ತಿತ್ತು, ಅದರ ಬೆನ್ನು ಕಾಣುತ್ತಿತ್ತು. ಮತ್ತೆ ಮಂಜು ಮುಚ್ಚಿತು.

"ಬಿದ್ದ ಸದ್ದ ಬರಲಿಲ್ಲ," ಅಂದರು ವಸಂತ. "ನಾ ಕೇಳ್ಕೋತ ಮಲಗಿದ್ದೆ. ಬರಲೇ ಇಲ್ಲ."

ಒಂದೇ ಸೈಕಲ್ಲನ್ನು ಇಬ್ಬರೂ ಹಿಡಿದು ನಡೆಸಿಕೊಂಡು ಬರುವುದನ್ನು ದ್ಯಾವಮ್ಮ ದೂರದಿಂದಲೇ ನೋಡಿದಳು. ಖಡಿಯ ರಾಶಿಯ ಮೇಲೆ ವಸಂತರನ್ನು ಕೂರಿಸಿ ನೀರು ಕೊಟ್ಟಳು. ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಕೊಟ್ಟಳು. ಅವರು ಅದನ್ನು ಮುರಿಯದೆ ತೊಡೆಯ ಮೇಲಿಟ್ಟುಕೊಂಡರು. ಅವಳೇ ಮುರಿದು ಶೇಂಗಾ ಚಟ್ನಿ ಹಚ್ಚಿ ಒಂದೊಂದು ತುತ್ತೂ ಅವರ ಅಂಗೈಗೆ ಇಟ್ಟಳು. "ತಿನ್ರಿ ಅಣ್ಣಾ. ಹೊಟ್ಟ್ಯಾಗ ಕೂಳು ಬಿದ್ರ ಜೀವ ತಿರಗಿ ಬರ್ತದ."

ಮನೆಗೆ ಬಂದ ಮೇಲೆ ವಸಂತ ನಕಾಶೆಯನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ಕೂತರು. ಸರ್ಕಾರಿ ನಕಾಶೆಯಲ್ಲಿ ಎತ್ತರ ತೋರಿಸುವ ಗೆರೆಗಳಿದ್ದವು. ಆ ಜಾಗದಲ್ಲಿ ಅವೆಲ್ಲ ಒಂದರ ಮೇಲೊಂದು ಒತ್ತಿಕೊಂಡು ಕಪ್ಪಾಗಿದ್ದವು. ಚಿತ್ರ ಗಲೀಜಾಗುತ್ತದೆಂದು ಅವನ್ನು ತಮ್ಮ ಪ್ರತಿಯಲ್ಲಿ ಇವರು ಬಿಟ್ಟುಬಿಟ್ಟಿದ್ದರು. ಚುಕ್ಕಿ ಗೆರೆ ಮಾತ್ರ ಉಳಿದಿತ್ತು. ಅದು ಬಂಡೆ ಹಿಡಿದು ಇಳಿಯುವವರ ದಾರಿ.

"ಬೋಲ್ಟ್ ಎಣಸೂದ ನನಗ ಸರಿ ಅದ," ಅಂದರು. ಪೆನ್ಸಿಲ್ಲುಗಳನ್ನು ಡಬ್ಬಿಗೆ ಹಾಕಿ ಕಪಾಟಿನ ಮೇಲಿಟ್ಟರು. ನನ್ನ ಸೈಕಲ್ಲಿಗೆ ಹಳೆಯ ಚಾದರ ಹೊದಿಸಿದರು. ಮುಂದಿನ ಭಾನುವಾರ ದಿನವಿಡೀ ಮಲಗಿದ್ದರು, ಅದರ ಮುಂದಿನದೂ ಹಾಗೆಯೇ. ನನಗೆ ಹಲಗೆ ಹೋದ ದಿನಗಳ ಮೌನಕ್ಕಿಂತ ಇದು ಹೆಚ್ಚು ಹೆದರಿಕೆ ಹುಟ್ಟಿಸಿತು. ಆ ಸಲ ಬೇರೆಯವರು ಕೈಯಿಂದ ಕಿತ್ತುಕೊಂಡಿದ್ದರು. ಈ ಸಲ ಅವರೇ ಕೆಳಗಿಟ್ಟಿದ್ದರು. ನಾನಾದರೋ ಪ್ರತಿ ದಿನ ಕಚೇರಿಯಲ್ಲಿ ಟೈಪ್ ಮಾಡುತ್ತ ಮೇಲಕ್ಕೆ ಸುರಿಯುವ ಆ ನೀರನ್ನೇ ನೆನೆಯುತ್ತಿದ್ದೆ. ಗಂಡ ಸಾಯುವುದರಲ್ಲಿದ್ದ ಜಾಗ ಅಷ್ಟು ಚೆಂದವಿತ್ತು ಎಂದು ಯಾರ ಹತ್ತಿರ ಹೇಳುವುದು?

ಅಕ್ಟೋಬರಿನಲ್ಲಿ ಒಂದು ದಿನ ಶೇಂಗಾ ಹೋಳಿಗೆ ಮಾಡಿದೆ. "ದ್ಯಾವಮ್ಮಗ ಕೊಟ್ಟ ಬರೂಣು," ಅಂದೆ.

"ಸೈಕಲ್ ಬ್ಯಾಡ."

"ಬ್ಯಾಡ. ನಡಕೋತ ಹೋಗೂಣು."

ಅವರು ನನ್ನನ್ನು ಅನುಮಾನದಿಂದ ನೋಡಿದರು. ಆದರೆ ರೊಟ್ಟಿಯ ಋಣ ಅವರಿಗೂ ಇತ್ತು.

ಬೆಳಿಗ್ಗೆ ಬಿಸಿಲು ಬೀಳುವ ಹೊತ್ತಿಗೆ ತಲುಪಿದೆವು. ಅವತ್ತು ಡಾಂಬರು ಬಂದಿರಲಿಲ್ಲ, ಕೆಲಸ ನಿಂತಿತ್ತು. ದ್ಯಾವಮ್ಮ ತಗಡಿನ ಗುಡಿಸಲ ಮುಂದೆ ತಲೆ ಬಾಚಿಕೊಳ್ಳುತ್ತಿದ್ದಳು. ಹೋಳಿಗೆ ಮೂಸಿ ನೋಡಿ ಕಣ್ಣು ಮುಚ್ಚಿದಳು. ನಾನು, "ನಮ್ಮ ಜೋಡಿ ಆ ಕಡೆ ಬರ್ತೀಯೇನವಾ?" ಎಂದು ಕೇಳಿದೆ. ವಸಂತ ಬೇರೆ ಕಡೆ ನೋಡಿದರು. ದ್ಯಾವಮ್ಮ ಅವರನ್ನೊಮ್ಮೆ ನೋಡಿ ಬಾಚಣಿಗೆ ತಲೆಗೆ ಸಿಕ್ಕಿಸಿಕೊಂಡು ಎದ್ದಳು. "ಇಷ್ಟ ದಿನ ಇಲ್ಲೇ ಇದ್ದೀನಿ. ನಾನೂ ನೋಡಿಲ್ಲ. ನಡೀರಿ."

ಬಯಲಿನ ಹೂವೆಲ್ಲ ಬಾಡಿ ಕಂದಾಗಿತ್ತು. ಗಾಳಿ ಸತ್ತಿತ್ತು. ತೊರೆ ತೆಳ್ಳಗಾಗಿ ಸದ್ದಿಲ್ಲದೆ ಹರಿಯುತ್ತಿತ್ತು. ಸೂರ್ಯ ನಮ್ಮ ಬೆನ್ನಿಗೆ. ಅಂಚು ಇನ್ನೂ ಐವತ್ತು ಹೆಜ್ಜೆ ಇರುವಾಗಲೇ ವಸಂತ ನಿಂತುಬಿಟ್ಟರು. "ನೀವು ಹೋಗಿ ಬರ್ರಿ," ಅಂದರು.

ದ್ಯಾವಮ್ಮ ಹುಲ್ಲಿನ ಮೇಲೆ ಕುಂತೇಬಿಟ್ಟಳು. "ನಿಂತ್ರ ಅಂಜಿಕಿ. ಕುಂತಕೋತ ಹೋಗೂಣು ಬರ್ರಿ. ಕುಂತಾವ ಎಲ್ಲಿ ಬೀಳ್ತಾನ?" ಎಂದು ಹಾಗೆಯೇ ಕೂತು ಸರಿಯತೊಡಗಿದಳು. ನಾನೂ ಕೂತೆ. ಸ್ವಲ್ಪ ಹೊತ್ತಿಗೆ ವಸಂತರೂ ಕೂತರು. ಇನ್ನೂ ನಡೆಯಲು ಬಾರದ ಕೂಸುಗಳ ಹಾಗೆ ಮೂವರೂ ಕುಂಡೆಯ ಮೇಲೆ ಸರಿಯುತ್ತ, ನನ್ನ ಸಲ್ವಾರು ಹಸಿರಾಗುತ್ತ, ಅಂಚಿನಿಂದ ಒಂದು ಮಾರು ಈಚಿನವರೆಗೆ ಬಂದೆವು. ಅಲ್ಲಿ ಒಂದು ಬಂಡೆ ಎದೆಯೆತ್ತರ ಇತ್ತು. ಅದನ್ನು ಹಿಡಿದು ಮೆಲ್ಲಗೆ ಎದ್ದೆವು.

ಕೊಂಕಣ ಕಾಣಲಿಲ್ಲ. ಕಣಿವೆಯ ತುಂಬ ಮಂಜು, ಹಾಲು ತುಂಬಿಟ್ಟ ಹಾಗೆ ಅಲುಗದೆ ನಿಂತಿತ್ತು. ಆ ಬಿಳುಪಿನ ಮೇಲೆ, ನಮಗಿಂತ ಕೆಳಗೆ, ಒಂದು ಕಾಮನಬಿಲ್ಲು. ಬಿಲ್ಲಲ್ಲ, ಪೂರ್ತಿ ಉಂಗುರ. ಎಲ್ಲಿಯೂ ತುಂಡಾಗದ, ಒಳಗಿನಿಂದ ಹೊರಕ್ಕೆ ಬಣ್ಣ ಬಣ್ಣದ ಬಳೆ. ಅದರ ನಡುವೆ ಒಂದು ನೆರಳು. ನಾನು ಕೈಯೆತ್ತಿದೆ, ಅದೂ ಎತ್ತಿತು.

ವಸಂತರ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು.

"ನನ್ನ ತಲಿ ಸುತ್ತ ಅದ ನೋಡ," ಅಂದರು ಪಿಸುದನಿಯಲ್ಲಿ.

"ನಿಮ್ದಲ್ರಿ. ನನ್ನ ತಲಿ ಸುತ್ತ ಅದ. ನಿಮ್ಮ ನೆರಳು ಬಾಜೂಕ ಬರೇ ನಿಂತದ."

"ಹುಚ್ಚಿ, ನನ್ನ ಕಣ್ಣಿಗೆ ಕಾಣ್ಲಿಕ್ಕೆ ಹತ್ತೇದಲ್ಲ. ನಟ್ಟ ನಡುವ ನಾನ ಇದ್ದೀನಿ."

"ಇಬ್ರೂ ಸುಳ್ಳ ಹೇಳಬ್ಯಾಡ್ರಿ," ಅಂದಳು ದ್ಯಾವಮ್ಮ. "ನಂದದು. ನನ್ನ ಬಾಚಣಿಗಿ ಸುದ್ದಾ ಕಾಣಾಕ ಹತ್ಯದ."

ವಸಂತ ಒಂದು ಹೆಜ್ಜೆ ಎಡಕ್ಕೆ ಸರಿದರು, ಮತ್ತೆ ಬಲಕ್ಕೆ. ಬಗ್ಗಿದರು, ಎದ್ದರು. ಅಂಚಿನ ಅಂಜಿಕೆ ಅವರಿಗೆ ಮರೆತೇಹೋಗಿತ್ತು. ಅವರು ಏನು ಮಾಡುತ್ತಿದ್ದಾರೆಂದು ನನಗೆ ತಿಳಿಯಿತು. ಕೋನ ಅಳೆಯುತ್ತಿದ್ದರು. "ಮೂವರದೂ ಖರೆ," ಅಂದರು ಕೊನೆಗೆ. "ಯಾರ ಕಣ್ಣಿಗೆ ಅವರ ತಲಿ ಸುತ್ತನ ಉಂಗುರ. ಒಬ್ಬರದು ಒಬ್ಬರಿಗೆ ಕಾಣಂಗಿಲ್ಲ." ಹೇಳಿ ಮುಗಿಸುವ ಮೊದಲೇ ಅವರ ಕಣ್ಣಲ್ಲಿ ನೀರು ಬಂತು. ನಾನು ತಲೆಯನ್ನು ಅವರ ತಲೆಗೆ ಆನಿಸಿದೆ. ಆಗ ಉಂಗುರದೊಳಗೆ ಇಬ್ಬರೂ ಹಿಡಿಸಿದೆವು. ಅವರ ಉಂಗುರದಲ್ಲೂ ಹಿಡಿಸಿದೆವಂತೆ, ಮಾತಿನ ಮೇಲೆ ನಂಬಬೇಕು.

ಅಂದು ಸಂಜೆಯೇ ಪೆನ್ಸಿಲ್ಲು ಕಪಾಟಿನಿಂದ ಇಳಿಯಿತು ಎಂಬುದನ್ನು ಹೇಳಿದರೆ ಸಾಕು. ಚಳಿಗಾಲಕ್ಕೆ ಇನ್ನೊಂದು ಸೈಕಲ್ಲು ಬಂತು. ಮೊಣಕಾಲು ಬೇಡವೆನ್ನುವವರೆಗೆ ಇನ್ನೂ ಏಳೆಂಟು ವರ್ಷ ತಿರುಗಿದೆವು, ದಾರಿಯಲ್ಲಿ ಕಂಡಕಂಡವರನ್ನೆಲ್ಲ ಕೇಳಿಕೊಂಡು. ರಸ್ತೆ ಮುಗಿದ ಮೇಲೆ ದ್ಯಾವಮ್ಮನ ಗುಂಪು ಎಲ್ಲಿಗೆ ಹೋಯಿತೆಂದು ತಿಳಿಯಲಿಲ್ಲ. ಹಳ್ಳಿಯವರಿಗೂ ಗೊತ್ತಿರಲಿಲ್ಲ.

ಆದರೆ ಆ ಬೆಳಿಗ್ಗೆ, ಮಂಜು ಕರಗುವ ಮುಂಚೆ, ನಾವಿಬ್ಬರೂ ತಲೆಗೆ ತಲೆ ಆನಿಸಿ ನಿಂತಿದ್ದಾಗ ನಾನು ಓರೆಗಣ್ಣಿನಿಂದ ಅವಳನ್ನು ನೋಡಿದೆ. ನಮ್ಮನ್ನು ಅವಳು ಪೂರ್ತಿ ಮರೆತಿದ್ದಳು. ಬಾಚಣಿಗೆ ತೆಗೆದಳು. ಅಂಗೈಯಿಂದ ಕೂದಲು ಒತ್ತಿ ಕೂರಿಸಿದಳು. ಸೆರಗಿನ ಮೂಲೆಯಿಂದ ಮುಖ ಒರೆಸಿ, ಕುಂಕುಮ ಸರಿಮಾಡಿಕೊಂಡು, ಭುಜದ ಮೇಲೆ ಸೆರಗು ನೇರ ಹೊದ್ದಳು. ಆಮೇಲೆ, ತಿಂಗಳುಗಟ್ಟಲೆ ಖಡಿ ಹೊತ್ತ ಆ ಕುತ್ತಿಗೆಯನ್ನು ನೆಟ್ಟಗೆ ಮಾಡಿ, ಫೋಟೋ ತೆಗೆಸಿಕೊಳ್ಳಲು ನಿಂತವರ ಹಾಗೆ ಅಲುಗದೆ ನಿಂತಳು.